ಕಾರ್ ಕದ್ದ ಮಂಟಯ್ಯನ ಮಗ

ಕಂಪಲಾಪುರದಲ್ಲಿ ಮಂಟಯ್ಯ ಅನ್ನುವ ಹೆಸರಿನವರು ಮೂರು ಜನ. ಒಬ್ಬರು ಮೇಗಲಕೇರಿ ಮಂಟಯ್ಯ, ಇನ್ನೊಬ್ಬರು ಕುಂಟ ಮಂಟಯ್ಯ, ಮೂರನೆಯವರು ಕಾರ್ ಕದ್ದ ಮಂಟಯ್ಯ. ಹಾಗೆ ಕರೆಯುವವರಿಗೆ ಹಗೆಯೇನೂ ಇಲ್ಲ. ಗುರುತಿಗೆ ಒಂದು ಮಾತು ಬೇಕಲ್ಲ, ಅಷ್ಟೆ. ನ್ಯಾಯಬೆಲೆ ಅಂಗಡಿಯವನೂ ಹಾಗೇ ಕೂಗುತ್ತಾನೆ, ಲಗ್ನಪತ್ರಿಕೆ ಕೊಡಲು ಬಂದವರೂ ಹಾಗೇ ಮನೆ ವಿಚಾರಿಸುತ್ತಾರೆ. ನನಗೆ ಮಾತ್ರ ಅದು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಆ ಮಂಟಯ್ಯನವರ ಮಗ ನಟರಾಜು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈಗ ಹೇಳಹೊರಟಿರುವುದು ಅವನ ಕತೆ.

ನನ್ನ ಹೆಸರು ರುದ್ರಸ್ವಾಮಿ. ಹುಣಸೂರಿನಲ್ಲಿ ಗಾಡಿಗಳ ಕಾಗದಪತ್ರ ಮಾಡಿಸಿಕೊಡುವುದು ನನ್ನ ಕಸುಬು. ಜನ ಬ್ರೋಕರ್ ಅನ್ನುತ್ತಾರೆ, ಅನ್ನಲಿ. ಮೂವತ್ತು ವರ್ಷದಲ್ಲಿ ಸಾವಿರಾರು ಗಾಡಿಗಳ ನಂಬರು ನೋಡಿದ್ದೇನೆ. ನೋಡಬೇಕಾಗಿದ್ದ ಒಂದೇ ಒಂದು ನಂಬರು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ನಟರಾಜುವಿನ ಅಪ್ಪನನ್ನು ನಾನು ಕರೆಯುವುದು ಮಂಟಯ್ಯ ಮಾವ ಎಂದೇ. ಅವರು ಕೊಡಗಿನ ಒಂದು ಕಾಫಿ ಎಸ್ಟೇಟಿಗೆ ಡ್ರೈವರ್ ಆಗಿ ಹೋದವರು. ಅಲ್ಲಿನ ಸಾಹುಕಾರರಿಗೆ ಕಾರಿನ ಹುಚ್ಚು. ಅವರ ಹತ್ತಿರ ಇಂಗ್ಲೆಂಡಿನಿಂದ ತರಿಸಿದ, ಮೇಲೆ ಛಾವಣಿ ಇಲ್ಲದ, ಎರಡೇ ಸೀಟಿನ ಓಟದ ಕಾರುಗಳು ಎರಡಿದ್ದವು. ಅವಳಿಜವಳಿ. ಒಂದು ಚೆನ್ನಾಗಿ ಓಡುತ್ತಿತ್ತು, ಇನ್ನೊಂದು ಶೆಡ್ಡಿನಲ್ಲಿ ಗುಜರಿಯಾಗಿ ಬಿದ್ದಿತ್ತು. ನಾವು ಪಿಯುಸಿ ಓದುತ್ತಿದ್ದ ವರ್ಷ, ಸಾಹುಕಾರರು ಓಡುವ ಕಾರನ್ನು ಮಂಟಯ್ಯ ಮಾವನಿಗೆ ಕೊಟ್ಟು, ಒಂದು ಇಂಗ್ಲಿಷ್ ಕಾಗದವನ್ನೂ ಕೈಗಿಟ್ಟರು. ಮೂರು ವಾರಕ್ಕೆ ತೀರಿಕೊಂಡರು. ಅವರ ಅಣ್ಣನ ಮಕ್ಕಳು ಬಂದು, ಚಿಕ್ಕಪ್ಪ ಕೊಟ್ಟಿದ್ದು ಗುಜರಿ ಕಾರು, ಡ್ರೈವರು ನಂಬರ್ ಪ್ಲೇಟ್ ಬದಲಾಯಿಸಿ ಒಳ್ಳೆಯದನ್ನು ಹೊಡೆದುಕೊಂಡು ಹೋಗಿದ್ದಾನೆ ಎಂದು ದೂರು ಕೊಟ್ಟರು. ಮಾವನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು.

ಮೂರನೆಯ ದಿನ ಆ ಅಣ್ಣನ ಮಕ್ಕಳೇ ಬಂದು, "ಹೋಗಲಿ ಬಿಡಿ ಸಾರ್, ಬಡವ, ಹದಿನಾಲ್ಕು ವರ್ಷ ದುಡಿದಿದ್ದಾನೆ, ಕಾರು ಅವನೇ ಇಟ್ಟುಕೊಳ್ಳಲಿ" ಎಂದು ದೂರು ವಾಪಸು ತೆಗೆದುಕೊಂಡರು. ಅಲ್ಲಿಗೆ ಮಾವನ ಬದುಕು ಮುಗಿಯಿತು. ಕೇಸು ನಡೆದಿದ್ದರೆ ಗೆಲ್ಲಬಹುದಿತ್ತು, ಸೋಲಬಹುದಿತ್ತು. ಕ್ಷಮಿಸಿಬಿಟ್ಟರೆ ಮನುಷ್ಯ ಏನು ಮಾಡಬೇಕು? ಕದಿಯದವನನ್ನು ಯಾರು ಕ್ಷಮಿಸುತ್ತಾರೆ? ಊರಿನವರು ಅಷ್ಟಕ್ಕೇ ತೀರ್ಮಾನ ಮಾಡಿದರು.

ಮಾವ ಠಾಣೆಯಿಂದ ಬಂದವರು ಹೊಲದಲ್ಲಿ ಹೊಗೆಸೊಪ್ಪು ಹದ ಮಾಡಲು ಕಟ್ಟಿದ್ದ ಹಳೇ ಬ್ಯಾರನ್ನಿನ ಒಂದು ಗೋಡೆ ಕೆಡವಿ, ಕಾರನ್ನು ಒಳಗೆ ತಳ್ಳಿ, ಮತ್ತೆ ಗೋಡೆ ಕಟ್ಟಿಬಿಟ್ಟರು. ಅವಮಾನಕ್ಕೆ ಮಾಡಿದ ಕೆಲಸ ಅದು. ಊರಿನವರು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಕ್ಕರು. ಆಮೇಲೆ ಮಾವ ಯಾರ ಗಾಡಿಯ ಸ್ಟೇರಿಂಗನ್ನೂ ಮುಟ್ಟಲಿಲ್ಲ, ಟೀ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಅಪ್ಪನ ಹೆಸರು ಮಗನ ಬೆನ್ನಿಗೂ ಅಂಟಿತು. ನಟರಾಜು ಓದು ಬಿಟ್ಟು ಹುಣಸೂರಿನ ಒಂದು ಬಸ್ ಬಾಡಿ ಕಟ್ಟುವ ವರ್ಕ್‌ಶಾಪ್ ಸೇರಿದ. ಅವನು ತಟ್ಟಿ ಕೂರಿಸಿದ ತಗಡಿನಲ್ಲಿ ಬೆರಳಾಡಿಸಿದರೆ ಜೋಡಣೆ ಎಲ್ಲಿದೆ ಎಂದು ಹೇಳಲು ಸಾಧ್ಯವಿರಲಿಲ್ಲ. ಅಂಥ ಕೆಲಸಗಾರ, ಪ್ರತಿ ಸಂಜೆ ಗೇಟಿನ ಹತ್ತಿರ ತನ್ನ ಚೀಲ ಬಿಚ್ಚಿ, ಊಟದ ಡಬ್ಬಿ ತೆರೆದು ತೋರಿಸಿಯೇ ಹೊರಗೆ ಬರುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಕೇಳುವ ಮೊದಲೇ ತೋರಿಸಿಬಿಡುತ್ತಿದ್ದ. ಮೂವತ್ತೇಳು ವರ್ಷ! ನಾನು ಒಮ್ಮೆ ರೇಗಿದ್ದಕ್ಕೆ, "ಕೇಳುಸ್ಕೊಂಡು ತೋರ್ಸೋದ್ಕಿಂತ ಇದೇ ವಾಸಿ ಕಣೋ ರುದ್ರ" ಅಂದಿದ್ದ. ಹೆಣ್ಣು ಸಿಕ್ಕಿದ್ದೂ ಎಚ್.ಡಿ. ಕೋಟೆಯ ಆಚೆ, ಅಂತರಸಂತೆ ಕಡೆಯಿಂದ. ಕಾಕನಕೋಟೆ ಕಾಡಂಚಿನವರೆಗೆ ಸುದ್ದಿ ಹೋಗಿರಲಿಲ್ಲ ಎಂದು ಅವನ ಹೆಂಡತಿ ಭಾಗ್ಯಮ್ಮನೇ ತಮಾಷೆ ಮಾಡುತ್ತಾಳೆ. ಪುಣ್ಯಾತ್ಗಿತ್ತಿ, ಗೊತ್ತಾದ ಮೇಲೂ ಒಂದು ಮಾತು ಆಡಿದವಳಲ್ಲ.

ನಟರಾಜು ಕೆಲಸದಿಂದ ನಿವೃತ್ತನಾದ ವರ್ಷ ಮನೆಗೆ ಸುಣ್ಣ ಹೊಡೆಯುವಾಗ ದೇವರ ಪಟದ ಹಿಂದೆ ಮಡಿಸಿಟ್ಟ ಕಾಗದವೊಂದು ಸಿಕ್ಕಿತು. ಸಾಹುಕಾರರ ಕಾಗದ. ಮಾವನಿಗೆ ಇಂಗ್ಲಿಷ್ ಬಾರದು. ಅದು ಬರೀ ಒಳ್ಳೇ ನಡತೆಯ ಸರ್ಟಿಫಿಕೇಟು ಎಂದು ತಿಳಿದು ಯಾರಿಗೂ ಓದಿಸದೆ, ಠಾಣೆಯಲ್ಲೂ ತೋರಿಸಿರಲಿಲ್ಲ. ನಟರಾಜು ನನ್ನ ಕೈಗೆ ಕೊಟ್ಟ. ನಾನು ಓದಿ, ಇನ್ನೊಮ್ಮೆ ಓದಿ, ಕಂಪಲಾಪುರಕ್ಕೆ ಹೋಗಿ ಮಾವನ ಎದುರು ಕೂತೆ.

"ಮಾವ, ಇದ್ರಲ್ಲಿ ನಿಮ್ ಹೆಸ್ರದೆ. ಎರಡ್ ಕಾರ್ನಲ್ಲಿ ಯಾವ್ದು ಕೊಟ್ಟಿದ್ದು ಅಂತ ಚಾಸಿ ನಂಬರ್ ಸಮೇತ ಬರ್ದವ್ರೆ."

ಚಾಸಿ ಅಂದರೆ ಗಾಡಿಯ ಬೆನ್ನೆಲುಬಿನ ಉಕ್ಕು. ಕಾರ್ಖಾನೆಯಲ್ಲೇ ಅದರ ಮೇಲೆ ನಂಬರು ಕುಟ್ಟಿರುತ್ತಾರೆ. ಹೊರಗಿನ ನಂಬರ್ ಪ್ಲೇಟು ಎರಡು ಸ್ಕ್ರೂ ಬಿಚ್ಚಿದರೆ ಬದಲಾಗುತ್ತದೆ, ಇದು ಬದಲಾಗುವುದಿಲ್ಲ. ಬ್ಯಾರನ್ನಿನೊಳಗಿನ ಕಾರಿನ ಮೇಲೂ ಕಾಗದದಲ್ಲಿದ್ದ ನಂಬರೇ ಇದ್ದರೆ ಮಂಟಯ್ಯ ಕಳ್ಳನಲ್ಲ. ಅಷ್ಟು ಸುಲಭ. ಎಂಬತ್ತರ ಮುದುಕರು ಆ ಕಾಗದವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ.

ಗೋಡೆ ಒಡೆದೆವು. ಒಳಗಿದ್ದದ್ದು ಕಾರಲ್ಲ, ತುಕ್ಕಿನ ಗುಡ್ಡೆ. ತಳ ಉದುರಿಹೋಗಿತ್ತು, ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು. ನಂಬರ್ ಬರೆದ ಸಣ್ಣ ಬಿಲ್ಲೆ ಇರಬೇಕಾದ ಕಡೆ ಬರೀ ತೂತು. ಇಂಜಿನ್ನು ಎಸ್ಟೇಟಿನಲ್ಲೇ ಬದಲಾಗಿ ಅಂಬಾಸಿಡರಿನದು ಕೂತಿತ್ತು, ಅದರ ನಂಬರು ಉಪಯೋಗಕ್ಕಿಲ್ಲ. ಉಳಿದದ್ದು ಚಾಸಿ ಮಾತ್ರ. ಅದರ ಮೇಲೆ ಟಾರು, ಮಣ್ಣು, ಬೆರಳುದಪ್ಪ ತುಕ್ಕು.

ಆಗ ನಾನು ಹೇಳಿದ ಮಾತನ್ನು ಇಲ್ಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರುವುದಿಲ್ಲ. "ನಂಬರ್ ಎಲ್ಲೋಯ್ತದೆ? ತುಕ್ಕೆಲ್ಲ ತಗ್ದಾಕು, ತಾನೇ ಕಾಣ್ತದೆ" ಅಂದೆ. ದೊಡ್ಡ ಪಂಡಿತನ ಹಾಗೆ ಅಂದೆ. ಆ ಜಾತಿಯ ಕಾರಿನಲ್ಲಿ ನಂಬರು ಎಲ್ಲಿರುತ್ತದೆ ಎಂದು ಮೊದಲು ಯಾರನ್ನಾದರೂ ಕೇಳೋಣ ಅನ್ನುವ ಬುದ್ಧಿ ನನಗೆ ಬರಲಿಲ್ಲ.

ನಟರಾಜು ಬಸ್ಸಿನ ಮನುಷ್ಯ. ಅವನು ಕಂಡ ಬಸ್ಸುಗಳಲ್ಲೆಲ್ಲ ನಂಬರು ಬಲಗಡೆ, ಮುಂದಿನ ಚಕ್ರದ ಹತ್ತಿರ, ಉಗುರು ಸಿಕ್ಕುವಷ್ಟು ಆಳವಾಗಿ ಕುಟ್ಟಿರುತ್ತದೆ. ಹಾಗಾಗಿ ಬಲಗಡೆಗೆ ಗ್ರೈಂಡರ್ ಮುಟ್ಟಿಸಲಿಲ್ಲ. ಸೀಮೆಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಹಿತ್ತಾಳೆ ಬ್ರಷ್ಷಿನಲ್ಲಿ, ಕೊನೆಗೆ ಬಟ್ಟೆಯಲ್ಲಿ, ಮಗುವಿನ ಮೈ ಒರೆಸಿದ ಹಾಗೆ ಒರೆಸಿ ಒರೆಸಿ ಬೆಳ್ಳಗೆ ಮಾಡಿದ. ಅಲ್ಲಿ ಏನೂ ಕಾಣಲಿಲ್ಲ. ಸರಿ, ಸ್ವಲ್ಪ ಹಿಂದೆ ಇರಬಹುದು ಎಂದು ಇನ್ನೊಂದು ಗೇಣು. ಬಲಗಡೆ ಪೂರ್ತಿ ಮುಗಿಯಲು ಒಂದು ವರ್ಷ ಹಿಡಿಯಿತು. ಈ ಮಧ್ಯೆ ಉಳಿದ ಕಾರನ್ನೂ ಸುಮ್ಮನೆ ಬಿಡಲಿಲ್ಲ. ತಳಕ್ಕೆ ಹೊಸ ತಗಡು ಬೆಸೆದ, ಬಾಗಿಲು ತಟ್ಟಿದ, ಪುಟ್ಟಿ ಹಾಕಿ ಉಜ್ಜಿದ, ಬಣ್ಣ ಹೊಡೆದ. ಮೂರನೆಯ ವರ್ಷಕ್ಕೆ ಆ ಬ್ಯಾರನ್ನಿನೊಳಗೆ ಕಡುಹಸಿರು ಕಾರೊಂದು ಮದುವಣಗಿತ್ತಿಯ ಹಾಗೆ ನಿಂತಿತು. ಭಾಗ್ಯಮ್ಮ ಆರತಿ ತೆಗೆದಳು. ನಂಬರು ಮಾತ್ರ ಸಿಕ್ಕಿರಲಿಲ್ಲ.

ಕೊನೆಗೆ ನನ್ನ ಮಂಡೆಗೆ ಹೊಳೆಯಿತು. ಮೈಸೂರಿನಲ್ಲಿ ಹಳೇ ಕಾರು ಸಾಕುವ ಒಬ್ಬರನ್ನು ಹುಡುಕಿ, ಫೋಟೋ ಕಳಿಸಿದೆ. ತಮ್ಮ ಹತ್ತಿರವೂ ಅಂಥದ್ದೇ ಒಂದಿದೆ, ಚಾಸಿ ಮೇಲೆ ನಂಬರು ಖಂಡಿತ ಇರುತ್ತದೆ, ಭಾನುವಾರ ತಮ್ಮ ಕಾರಿನ ಫೋಟೋ ತೆಗೆದು ಕಳಿಸುತ್ತೇನೆ ಅಂದರು. ಖಂಡಿತ ಅನ್ನುವ ಆ ಒಂದು ಮಾತು ಕೇಳಿದ ಮಂಟಯ್ಯ ಮಾವ ಅವತ್ತೇ ಕ್ಷೌರ ಮಾಡಿಸಿಕೊಂಡು, ನಲವತ್ತು ವರ್ಷದ ಮೇಲೆ ಅಂಕಯ್ಯನ ಟೀ ಅಂಗಡಿಯ ಮೆಟ್ಟಿಲು ಹತ್ತಿದರು. "ಸ್ವಾಮಾರ ಬೆಳಿಗ್ಗೆ ಎಲ್ಲಾರೂ ನಮ್ ಬ್ಯಾರನ್ ತಾವ್ಕೆ ಬನ್ರಪ್ಪ. ನಂಬರ್ ತೋರುಸ್ತೀವಿ. ಕಾಗ್ದ ಒಂದ್ ಕೈನಲ್ಲಿ ಇಟ್ಕೊಂಡು ನೀವೇ ತಾಳೆ ನೋಡಿ" ಅಂದು, ಟೀ ಕುಡಿದು ಬಂದರು.

ಭಾನುವಾರ ಮಧ್ಯಾಹ್ನ ಫೋಟೋ ಬಂತು. ನಂಬರು ಎಡಗಡೆ ಇತ್ತು. ಮುಂದಿನ ತುದಿಯಲ್ಲಿ, ಮೇಲ್ಮುಖವಾಗಿ, ಅಕ್ಕಿಕಾಳಿನಷ್ಟು ಸಣ್ಣ ಅಕ್ಷರ.

ನಾನು ಸ್ಕೂಟರಿನಲ್ಲಿ ಒಂದೇ ಉಸಿರಿಗೆ ಕಂಪಲಾಪುರಕ್ಕೆ ಹೋದೆ. ನಟರಾಜು ಫೋನು ಇಸಿದುಕೊಂಡು ನೋಡಿದ. ಕಾರಿನ ಎಡಗಡೆ ಹೋಗಿ ಬಗ್ಗಿ, ಆ ಜಾಗದ ಮೇಲೆ ಬೆರಳಿಟ್ಟ. ಕಪ್ಪು ಬಣ್ಣ, ಕನ್ನಡಿಯಂಥ ನುಣುಪು. ಬೆರಳು ತೆಗೆಯಲೇ ಇಲ್ಲ.

"ಇಲ್ಲಿ ಸಣ್ ಸಣ್ ಗುಳಿ ಇದ್ವು ಕಣೋ" ಅಂದ. "ತುಕ್ಕು ತಿಂದದೆ ಅಂದ್ಕಂಡೆ. ವೆಲ್ಡಿಂಗ್ ತುಂಬ್ಸಿ, ಗ್ರೈಂಡರ್ ಹಿಡ್ದು ಸಮ ಮಾಡ್ಬುಟ್ಟೆ."

ಆ ಗುಳಿಗಳೇ ಅವನ ಅಪ್ಪನ ಮಾನ. ತನ್ನ ಕೈಯಾರೆ ತುಂಬಿಸಿ ಉಜ್ಜಿದ್ದ. ಈ ಕಸುಬಿನಲ್ಲಿ ಚಾಸಿ ನಂಬರು ಉಜ್ಜಿದ ಗಾಡಿ ನಾನು ನಾಲ್ಕು ನೋಡಿದ್ದೇನೆ. ನಾಲ್ಕೂ ಕದ್ದ ಗಾಡಿಗಳು. ಕಳ್ಳರನ್ನು ಬಿಟ್ಟು ಬೇರೆ ಯಾರೂ ಆ ಕೆಲಸ ಮಾಡುವುದಿಲ್ಲ.

ನಾನೇ ಅಂದೆ, "ಲೇ ನಟ, ನಂಬರ್ ಕುಟ್ಟೋ ಉಳಿ ಸೆಟ್ಟು ನಂಗ್ ಗೊತ್ತಿರೋನ ತಾವ ಅದೆ. ಕಾಗದ್ದಲ್ಲಿರೋ ನಂಬರ್ನ ಅಲ್ಲೇ ಕುಟ್ಬುಡಾನ. ಅರ್ಧ ಗಂಟೆ ಕೆಲ್ಸ. ಯಾವನ್ಗೆ ಗೊತ್ತಾಯ್ತದೆ?"

ನಟರಾಜು ನನ್ನ ಮುಖ ನೋಡಿದ. ಅಷ್ಟು ವರ್ಷದ ಸ್ನೇಹದಲ್ಲಿ ಅವನು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ.

"ನಮ್ಮಪ್ಪ ಕದ್ದಿಲ್ಲ ಕಣೋ. ಕದ್ದಿಲ್ಲ ಅಂತ ತೋರ್ಸಕೆ ನಾನ್ಯಾಕೆ ಕಳ್ಳನ ಕೆಲ್ಸ ಮಾಡ್ಲಿ? ಇದ್ದುದ್ನ ಇದ್ದಂಗೇ ಹೇಳ್ಬುಡ್ತೀನಿ. ಅಪ್ಪನ್ಗೂ ಈಗ್ಲೇ ಹೇಳ್ತೀನಿ."

ಆದರೆ ಹೇಳಲು ಆಗಲಿಲ್ಲ. ಮನೆಗೆ ಹೋದಾಗ ಮಾವ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಾ ಕೂತಿದ್ದರಂತೆ.

ಸೋಮವಾರ ಬೆಳಿಗ್ಗೆ ಹದಿನೈದು ಜನ ಸೇರಿದರು. ಮಾವ ಕಾಗದ ಹಿಡಿದು ಮುಂದೆ ನಿಂತಿದ್ದರು. ಕಾರು ನೋಡಿ ಎಲ್ಲರೂ ಬೆರಗಾದರು. ಒಬ್ಬ ಬಾಗಿಲು ಸವರಿ, ಇದು ಕಾರ್ಖಾನೆಯಿಂದ ಈಗ ಬಂದ ಹಾಗಿದೆಯಲ್ಲ ಅಂದ. ನಟರಾಜು ಎಲ್ಲರ ಎದುರು ಕೈಕಟ್ಟಿ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದ. ಎಡಗಡೆ ಇತ್ತು, ಗೊತ್ತಾಗಲಿಲ್ಲ, ಉಜ್ಜಿಹೋಯಿತು ಅಂದ. ನಾನೂ ಫೋನಿನ ಫೋಟೋ ತೋರಿಸಿ, ತುಕ್ಕು ತೆಗೆ ಎಂದವನು ನಾನೇ ಎಂದು ಕೂಗಿ ಹೇಳಿದೆ. ನನ್ನ ಮಾತು ಯಾರಿಗೆ ಬೇಕು? ಬ್ರೋಕರಿನ ಸಾಕ್ಷಿ ಕೇಳಿ ಯಾರು ನಂಬುತ್ತಾರೆ? ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಾರಾದರೂ ನಕ್ಕಿದ್ದರೆ, ಬೈದಿದ್ದರೆ ಚೆನ್ನಾಗಿತ್ತು. ಅಂಕಯ್ಯ ಮಾವನ ಹೆಗಲ ಮೇಲೆ ಕೈಯಿಟ್ಟು ಬಹಳ ಮೆತ್ತಗೆ, "ಓಗ್ಲಿ ಬುಡು ಮಂಟಯ್ಯಣ್ಣ. ನಲವತ್ತು ವರ್ಷದ ಮಾತು. ಈಗ್ಯಾರು ಕೇಳ್ತಾರೆ? ಬಾ, ಟೀ ಕುಡ್ಯಾನ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಮಾವ ಹೋಗಲಿಲ್ಲ. ಉಳಿದವರು ಹೊರಟುಹೋದರು.

ಬ್ಯಾರನ್ನಿನೊಳಗೆ ನಾವು ಮೂವರೇ ಉಳಿದೆವು. ಮಾವ ಕಾರಿನ ಎಡಗಡೆಗೆ ಹೋಗಿ, ಕಷ್ಟಪಟ್ಟು ಬಗ್ಗಿ, ನುಣುಪಾದ ಜಾಗವನ್ನು ಮುಟ್ಟಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ನಂಬರ್ ಬ್ಯಾರೆ ಇತ್ತೇನ್ಲಾ?"

ನಟರಾಜುವಿಗೆ ಅರ್ಥವಾಗಲಿಲ್ಲ. "ಏನಪ್ಪಾ?"

"ಕಾಗದ್ದಲ್ಲಿರೋದು ಒಂದು, ಇಲ್ಲಿದ್ದುದ್ದು ಒಂದು. ಅದ್ಕೇ ಉಜ್ಜುದ್ಯಾ?"

"ಇಲ್ಲ ಕಣಪ್ಪ! ನಾನ್ ನಂಬರ್ನೇ ನೋಡ್ನಿಲ್ಲ."

"ನೋಡ್ದಲೇ ಉಜ್ಜೋ ಕೆಲ್ಸಗಾರ ಅಲ್ಲ ನೀನು" ಅಂದರು ಮಾವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ ಕೈ ಎಂಥದು ಅಂತ ನಂಗ್ ಗೊತ್ತಿಲ್ವಾ? ಬ್ಯಾರೆ ನಂಬರ್ ಕಂಡು, ಮುದ್ಕನ ಮಾನ ಓಯ್ತದೆ ಅಂತ ಉಜ್ಜಿದ್ದೀಯ. ನಾನು ಕದ್ದಿರ್ನಿಲ್ಲ ಕಣ್ಲಾ ನಟ. ಸಾವ್ಕಾರ್ರು ಯಾವ್ ಕಾಗದ್ದಲ್ಲಿ ಯಾವ್ ನಂಬರ್ ಬರುದ್ರೋ ನಂಗೊತ್ತಿಲ್ಲ. ಅವ್ರು ತೋರ್ಸುದ್ ಕಾರ್ನ ತಂದೆ. ಊರೋರು ನಂಬ್ದಿದ್ರೆ ಓಗ್ಲಿ. ನೀನೊಬ್ಬ ನಂಬಿದ್ದೀಯ ಅಂದ್ಕಂಡು ಬದುಕ್ದೆ."

ನಾನು ಅಡ್ಡಬಾಯಿ ಹಾಕಿದೆ, ಫೋಟೋ ತೋರಿಸಿದೆ, ದೇವರಾಣೆ ಇಟ್ಟೆ. ಮಾವ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ನಡೆದರು. ನಟರಾಜು ಅಪ್ಪನ ಹಿಂದೆ ಓಡಲಿಲ್ಲ. ನಿಂತಲ್ಲೇ ನಿಂತಿದ್ದ.

"ಇಷ್ಟ್ ವರ್ಸದಲ್ಲಿ ಒಂದ್ ದಿನಾರ ಕದ್ದ್ಯಾ ಅಂತ ಅಪ್ಪನ್ನ ಕೇಳ್ನಿಲ್ಲ ಕಣೋ ರುದ್ರ" ಅಂದ. "ಕೇಳೋದೇ ತಪ್ಪು ಅಂತ ಕೇಳ್ನಿಲ್ಲ. ಈಗ ನಾನ್ ನಂಬಿದ್ದೆ ಅಂತ ಯಾವುದ್ನ ತೋರ್ಸಿ ಹೇಳ್ಲಿ?"

ಅಪ್ಪ ಮಗ ಈಗಲೂ ಒಂದೇ ಮನೆಯಲ್ಲಿದ್ದಾರೆ, ಭಾಗ್ಯಮ್ಮ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಮುದ್ದೆ ಇಕ್ಕುತ್ತಾಳೆ.