ಹೊರೆ ಹೊತ್ತ ಲಾರಿಯ ಕಾಯಿಲೆ

ಅರವತ್ತರ ದಶಕದ ಆರಂಭದಲ್ಲಿ ನಾನು ಕುಳಗಿಯ ಕಾಡಿನಿಂದ ದಾಂಡೇಲಿಯ ಕಾಗದದ ಗಿರಣಿಗೆ ಬಿದಿರು ಸಾಗಿಸುತ್ತಿದ್ದೆ. ಲಾರಿ ಗುತ್ತಿಗೆದಾರರದು, ಮಿಲಿಟರಿಯವರು ಬಳಸಿ ಬಿಟ್ಟ ಹಳೆಯ ಪೆಟ್ರೋಲ್ ಗಾಡಿ. ಅದಕ್ಕೊಂದು ಚಾಳಿ ಅಂಟಿಕೊಂಡಿತು. ತಿರುವಿನ ತಗ್ಗಿನಲ್ಲಿ ನಿಧಾನಕ್ಕೆ ಇಳಿಯುವಾಗ ಇದ್ದಕ್ಕಿದ್ದಂತೆ ಕರೆಂಟು ಹೋಗಿ ಎಂಜಿನ್ ನಿಲ್ಲುತ್ತಿತ್ತು. ಹಾರ್ನಿಲ್ಲ, ದೀಪವಿಲ್ಲ. ತಾಸುಗಟ್ಟಲೆ ಒದ್ದಾಡಿದ ಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಕೆಟ್ಟಾಗ ಬಾರದ ಸಿಟ್ಟು ನನಗೆ ಸರಿಹೋದಾಗ ಬರುತ್ತಿತ್ತು.

ಯಾಕೆಂದರೆ ಗ್ಯಾರೇಜಿನಲ್ಲಿ ಅದು ಸಾಧು ಆಕಳು. ಮಿಸ್ತ್ರಿ ಬ್ಯಾಟರಿ ನೋಡಿದ, ಡೈನಮೋ ಬಿಚ್ಚಿದ, ಕಾಯಿಲ್ ಬದಲಿಸಿದ. ಮೂರನೇ ಸಲ ಒಯ್ದಾಗ ಎಲ್ಲರ ಮುಂದೆ ಹೇಳಿದ: "ಗಾಡಿ ಚಲೋ ಐತಿ. ನೀ ಅಡವ್ಯಾಗ ಮಲಗೂದು ಬಿಡು, ಎಲ್ಲಾ ಬರೋಬರಿ ಆಗತೈತಿ."

ಮಾತು ಡ್ರೈವರುಗಳಲ್ಲಿ ಹಬ್ಬಿತು. ಮಲಗುತ್ತಾನೆ ಎಂದವರ ಹಿಂದೆಯೇ ಕುಡಿಯುತ್ತಾನೆ ಎನ್ನುವವರೂ ಹುಟ್ಟಿಕೊಂಡರು. ಮಧ್ಯಾಹ್ನ ನಾವೆಲ್ಲ ಗ್ಯಾರೇಜಿನ ತಗಡಿನ ಕೆಳಗೆ ಬುತ್ತಿ ಬಿಚ್ಚಿ, ಪಲ್ಯ ಹಂಚಿಕೊಂಡು ಉಣ್ಣುತ್ತಿದ್ದೆವು. ನಾನು ಕೂತರೆ ಮಾತು ನಿಲ್ಲತೊಡಗಿತು. ನಾನೂ ಹಟಮಾರಿ, ಬುತ್ತಿ ಎತ್ತಿಕೊಂಡು ಲಾರಿಯೊಳಗೆ ಹೋಗಿ ಕೂತೆ. ಧಾರವಾಡ ಸೀಮೆಯಿಂದ ಒಬ್ಬನೇ ಬಂದವನು, ಆ ಪಂಕ್ತಿ ಬಿಟ್ಟರೆ ಅಲ್ಲಿ ನನಗೆ ಯಾರಿದ್ದರು? ಕ್ಲೀನರ್ ಕೂಡ ಬೇರೆ ಗಾಡಿ ಹತ್ತಿದ. ಇನ್ನೊಮ್ಮೆ ತಡವಾದರೆ ಕೆಲಸದಿಂದ ಬಿಡಿಸುತ್ತೇನೆಂದು ಗುತ್ತಿಗೆದಾರರು ಹೇಳಿಕಳುಹಿಸಿದರು. ಕೆಲಸ ಇನ್ನೆಲ್ಲಿಯಾದರೂ ಸಿಗುತ್ತಿತ್ತು. ಸುಳ್ಳ ಎನ್ನಿಸಿಕೊಂಡು ಹೋಗಲು ಮಾತ್ರ ಮನಸ್ಸು ಒಪ್ಪಲಿಲ್ಲ.

ಮರುವಾರ ಲಾರಿ ಮತ್ತೆ ಅದೇ ತಗ್ಗಿನಲ್ಲಿ ನಿಂತಿತು. ಈ ಸಲ ಕಾಯುತ್ತ ಕೂರಲಿಲ್ಲ. ಹಾರ್ನಿನ ಬಟನ್ ಒತ್ತಿ, ಅದು ಒತ್ತಿಯೇ ಇರುವಂತೆ ಬಿದಿರಿನ ಚಕ್ಕೆ ಸಿಕ್ಕಿಸಿದೆ, ಸದ್ದಿಲ್ಲ. ಕೆಳಗೆ ನುಸುಳಿ ಒಂದೊಂದೇ ವಾಯರ್ ಅಲುಗಿಸಿದೆ. ಬ್ಯಾಟರಿಯಿಂದ ಲಾರಿಯ ಅಡಿಚೌಕಟ್ಟಾದ ಚಾಸಿಗೆ ಬಿಗಿದ ದಪ್ಪ ಅರ್ಥ್ ವಾಯರ್ ಒತ್ತಿದ್ದೇ ತಡ, ಹಾರ್ನ್ ಕಿರುಚಿತು. ಕೈ ತೆಗೆದರೆ ನಿಂತಿತು. ವಾಯರಿನ ಎಳೆಗಳು ಒಳಗೇ ಕಡಿದಿದ್ದವು. ತುಂಬಿದ ಲಾರಿಯ ಚಾಸಿ ತಗ್ಗಿನಲ್ಲಿ ತಿರುಚಿಕೊಂಡಾಗ ಕಡಿದ ತುದಿಗಳು ಅಗಲುತ್ತಿದ್ದವು. ಗ್ಯಾರೇಜಿನ ನಿಯಮವೋ, ಬಿದಿರು ಇಳಿಸದೆ ಗಾಡಿ ಒಳಗೆ ತರಬಾರದು. ಮಿಸ್ತ್ರಿ ನೋಡಿದ್ದೆಲ್ಲ ಖಾಲಿ ಲಾರಿಯನ್ನೇ. ಖುಷಿಗೆ ಮತ್ತೆ ಮತ್ತೆ ಹಾರ್ನ್ ಕೂಗಿಸಿದೆ. ಕೇಳಲು ಆ ಕಾಡಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಬಟನ್ನಿನ ಚಕ್ಕೆ ತೆಗೆದು, ವಾಯರನ್ನು ಹಗ್ಗದಿಂದ ಬಿಗಿದು ಕಟ್ಟಿ, ತುಂಬಿದ ಲಾರಿಯನ್ನೇ ಗ್ಯಾರೇಜಿನ ಎದುರಿಗೆ ತಂದು, ಚಾಸಿ ತಿರುಚಲೆಂದು ಒಂದು ಗಾಲಿಯನ್ನು ಗಟಾರದ ಅಂಚಿಗೆ ಇಳಿಸಿದೆ. ಹಗ್ಗ ಬಿಚ್ಚಿದೆ. ಎಂಜಿನ್ ನಿಂತಿತು.

"ಬರ್ರಿ, ಈಗ ನೋಡ್ರಿ," ಎಂದು ಕೂಗಿದೆ.

ಊಟಕ್ಕೆ ಕೂತಿದ್ದ ಮಿಸ್ತ್ರಿ ಎಂಜಲು ಕೈಯಲ್ಲೇ ಎದ್ದು ಬಂದ. ಹಾರ್ನ್ ಒತ್ತಿ ನೋಡಿದ, ಬಗ್ಗಿ ವಾಯರ್ ನೋಡಿದ. "ಹೌದಲೋ, ಇಲ್ಲೇ ಐತಿ," ಎಂದ. ಹೊಸ ವಾಯರ್ ಹಾಕಲು ಕಾಲು ತಾಸು ಹಿಡಿಯಿತು.

ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಏನೂ ಆಗಿಲ್ಲವೆಂಬಂತೆ ಒಬ್ಬ ಡ್ರೈವರ್ ಸರಿದು ಜಾಗ ಮಾಡಿ, "ಬಾರಪಾ, ಉಣ್ಣೂಣು ಬಾ," ಎಂದು ಕರೆದ. ಎರಡು ತಿಂಗಳಿಂದ ಆ ಒಂದು ಕರೆಗೆ ಹಾತೊರೆದಿದ್ದೆ. ಆದರೂ ಬಾಯಿಂದ ಬಂದದ್ದು, "ನಂದು ಊಟ ಆಗೇತಿ."

ಗಿರಣಿಯ ದಾರಿಯಲ್ಲಿ ಲಾರಿ ನಿಲ್ಲಿಸಿ, ಬುತ್ತಿ ಬಿಚ್ಚಿ ಅಳುತ್ತಲೇ ಉಂಡೆ. ನಾಳೆಯೂ ಕರೆಯುತ್ತಾರೆ, ಆಗ ಹೋದರಾಯಿತು ಎಂದುಕೊಂಡೆ. ಅವರು ಎರಡನೇ ಸಲ ಕರೆಯಲಿಲ್ಲ.