ಮಶಾಕಸಾಬನ ಕಿವಿಗೆ ನಾನು ಮಾಡಿದ್ದು

ನಂಬಬೇಡಿ, ನೋಡೋಣ. ಕಿವಿ ನೆಟ್ಟಗಿದ್ದ ಒಬ್ಬ ಮನುಷ್ಯನನ್ನು ನಾನು ಕಿವುಡನನ್ನಾಗಿ ಮಾಡಿದ್ದೇನೆ. ಹೊಡೆದಿಲ್ಲ, ಮದ್ದು ಹಾಕಿಲ್ಲ, ಮುಟ್ಟಿಯೂ ಇಲ್ಲ. ಒಂದು ಒದ್ದೆ ಗೋಣಿಚೀಲ, ಒಂದು ಮೊಬೈಲು, ಎರಡು ಸುಳ್ಳು — ಇಷ್ಟೇ ಸಾಮಾನು. ಅವನ ಹೆಸರು ಮಶಾಕಸಾಬ. ನನ್ನ ಗೆಳೆಯ. ಶಹಾಬಾದಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಇದ್ದಾನೆ. ಅವನ ಮನೆಯವರು ಅವನ ಜೊತೆ ಕೂಗಿ ಮಾತಾಡುತ್ತಾರೆ. ಯಾಕೆ ಕೂಗಬೇಕಾಗಿ ಬಂತು ಎನ್ನುವುದು ನನಗೊಬ್ಬನಿಗೇ ಗೊತ್ತು.

ನಗು ಬಂದರೆ ನಗಿ. ನನಗೂ ಮೊದಮೊದಲು ಬಂದಿತ್ತು. ಈಗ ನಗುವೂ ಇಲ್ಲ, ಅಳುವೂ ಇಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದಾಗ ದವಡೆ ಹೇಗಿರುತ್ತದೆಯೋ, ಹಾಗಿದೆ ಒಳಗೆ.

ನಾನು ಯಾರು ಅಂತೀರಾ? ಶರಣಪ್ಪ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ — ಎಲ್ಲಿ ಬೇಕಾದರೂ ಕೇಳಿ, ಹೆಸರು ಪೂರ್ತಿ ಹೇಳುವ ಮೊದಲೇ ಎದುರಿನವನ ಮುಖದಲ್ಲಿ ನಗು ಬರುತ್ತದೆ, ಇಲ್ಲವೇ ಸಿಟ್ಟು. ಎರಡೂ ನನ್ನ ಸಂಪಾದನೆ. ವಾಡಿ ಜಂಕ್ಷನ್ನಿನಲ್ಲಿ ಒಮ್ಮೆ ಅನೌನ್ಸ್ ಮಾಡುವ ಹೆಂಗಸಿನ ದನಿ ತೆಗೆದು, ನಿಂತ ಜನರನ್ನೆಲ್ಲ ಗಂಟುಮೂಟೆ ಸಮೇತ ಪಕ್ಕದ ಪ್ಲಾಟ್‌ಫಾರ್ಮಿಗೆ ಓಡಿಸಿದವನು ನಾನು. ಚಿಂಚೋಳಿಯ ನಮ್ಮ ಬೀಗರಿಗೆ, ಮೊಬೈಲನ್ನು ಜೋಳದ ಚೀಲದಲ್ಲಿ ಹುಗಿದಿಟ್ಟರೆ ತಾನಾಗಿಯೇ ಚಾರ್ಜ್ ಆಗುತ್ತದೆ ಎಂದು ನಂಬಿಸಿದವನೂ ನಾನೇ. ಪಾಪ, ಅವರು ಜೋಳ ಬದಲಿಸಿ ಬದಲಿಸಿ ನೋಡಿದರು.

ರೇಡಿಯೊ, ಮಿಕ್ಸರ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ವಿಡಿಯೊ ಮಾಡಲು ಶುರು ಮಾಡಿದೆ. ತೆಂಗಿನಕಾಯಿ ತಾನಾಗಿಯೇ ಹೊತ್ತಿಕೊಳ್ಳುವುದು ಹೇಗೆ, ಮಳಖೇಡದ ಕೋಟೆಯ ಗೋಡೆಗೆ ಅಷ್ಟು ದೊಡ್ಡ ಕಲ್ಲು ಹೇಗೆ ಏರಿಸಿರಬಹುದು — ಇಂಥವು. ಸುಲೇಪೇಟದ ಬಜಾರಿನಲ್ಲಿ ಕರೆಂಟ್ ಬಿಲ್ ಅರ್ಧ ಮಾಡುತ್ತದೆಂದು ಒಂದು ಡಬ್ಬಿ ಮಾರುತ್ತಿದ್ದರು. ಕ್ಯಾಮೆರಾ ಮುಂದೆ ಅದನ್ನು ಬಿಚ್ಚಿದೆ. ಒಳಗೆ ಒಂದು ಪುಟ್ಟ ಲೈಟು, ತೂಕಕ್ಕೆಂದು ಒಂದಿಷ್ಟು ಸಿಮೆಂಟು! ಆಮೇಲೆ ನೋಡಿ — ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡುತ್ತಿದ್ದರು. ವಿಡಿಯೊ ಕಾಕಾ ಬಂದರು, ಕುಂದ್ರಿ ಕಾಕಾ, ಅಂತ. ಮೋಸ ಬಯಲು ಮಾಡುವ ಕಾಕಾ. ಅಷ್ಟು ದಿನ ಮೋಸ ಮಾಡಿಯೇ ಹೆಸರಾದವನಿಗೆ ಈ ಹೊಸ ಹೆಸರು ಭಾಳ ರುಚಿಸಿತ್ತು.

ಮಶಾಕಸಾಬನದು ಬೇರೆ ಬಗೆಯ ಹೆಸರು. ಅವನು ನೆಲಕ್ಕೆ ಹಾಸುವ ಫರ್ಸಿಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕಿದ್ದ. ಲಾರಿಗೆ ಏರುವ ಮೊದಲು ಪ್ರತಿ ಕಲ್ಲನ್ನೂ ಎತ್ತಿ ನಿಲ್ಲಿಸಿ, ಚಿಕ್ಕ ಸುತ್ತಿಗೆಯಿಂದ ಒಂದು ಸಲ ಬಡಿಯುತ್ತಿದ್ದ. ಒಳ್ಳೆಯ ಕಲ್ಲು ಕಂಚಿನ ತಾಟಿನ ಹಾಗೆ ಠಣ್ ಎನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಸಾಯುತ್ತದೆ. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಕೇಳುತ್ತಿತ್ತು. ಮನೆ ಕಟ್ಟುವವರು ದೂರದಿಂದ ಬಂದು, ಮಶಾಕಸಾಬ ಬಡಿದ ಕಲ್ಲೇ ಬೇಕು ಎನ್ನುತ್ತಿದ್ದರು. ಚಹಾದ ಅಂಗಡಿಯಲ್ಲಿ ನಾನು ಕುಳಿತಿರುವಾಗಲೇ — ನನ್ನ ಎದುರಿಗೇ — ಅವನ ಕಿವಿಯ ಮಾತು ನಡೆಯುತ್ತಿತ್ತು. ಹೊಟ್ಟೆಕಿಚ್ಚು ಅಂತೀರಾ? ಅನ್ನಿ. ಬೇರೆ ಹೆಸರು ನನಗೂ ಸಿಕ್ಕಿಲ್ಲ.

ಒಂದು ಭಾನುವಾರ, ಕೆಲಸಕ್ಕೆ ರಜೆ ಇದ್ದಾಗ, ಅವನನ್ನು ಆ ಪಾಲಿಶ್ ಮಾಡುವ ಜಾಗಕ್ಕೇ ಕರೆದುಕೊಂಡು ಹೋದೆ. ನಾವಿಬ್ಬರೇ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ. ಮೊದಲೇ ಒಬ್ಬನೇ ಬಂದು ಕಲ್ಲುಗಳನ್ನು ಸಾಲಾಗಿ, ಕಟ್ಟಿಗೆ ತುಂಡುಗಳ ಮೇಲೆ ಮಲಗಿಸಿಟ್ಟಿದ್ದೆ. ಇವುಗಳಲ್ಲಿ ಒಂದು ಒಡಕು ಕಲ್ಲಿದೆ, ಕಣ್ಣು ಕಟ್ಟಿಕೊಂಡು ಹುಡುಕಬೇಕು ಎಂದೆ. ಒಡಕು ಕಲ್ಲು ಒಂದೂ ಇರಲಿಲ್ಲ. ಎಲ್ಲವೂ ಗಟ್ಟಿ. ಒಂದರ ಕೆಳಗೆ ಮಾತ್ರ ಒದ್ದೆ ಗೋಣಿಚೀಲ ತುರುಕಿದ್ದೆ. ಎಂಥ ಒಳ್ಳೆಯ ಕಲ್ಲಿಗೂ ಹೊಟ್ಟೆಯ ಕೆಳಗೆ ಒದ್ದೆ ಚೀಲ ಒತ್ತಿದರೆ ದನಿ ಏಳುವುದಿಲ್ಲ. ಇದು ವಿಜ್ಞಾನ. ಮುಂದಿನ ವಿಡಿಯೊದಲ್ಲಿ ಚೀಲ ತೋರಿಸಿ ಈ ವಿಜ್ಞಾನ ಹೇಳೋಣ ಎಂದೇ ಇದ್ದೆ — ದೇವರಾಣೆ ಎನ್ನಬಹುದಿತ್ತು, ಆದರೆ ನನ್ನ ಆಣೆಗೆ ಈ ಸೀಮೆಯಲ್ಲಿ ಬೆಲೆ ಇಲ್ಲ.

ಅವನು ತನ್ನದೇ ರುಮಾಲಿನಿಂದ ಕಣ್ಣು ಕಟ್ಟಿಸಿಕೊಂಡ. ಎತ್ತಿ ನಿಲ್ಲಿಸಿ ಬಡಿಯಲೇ ಎಂದು ಕೇಳಿದ. ಮಲಗಿದ ಕಲ್ಲು ಪೂರ್ತಿ ಮಾತಾಡುವುದಿಲ್ಲವಂತೆ. ಎತ್ತುವಂತಿಲ್ಲ, ಬರೀ ಬಡಿಯಬೇಕು, ಅದೇ ಆಟ ಎಂದೆ. ಒಪ್ಪಿಕೊಂಡ. ಠಣ್, ಠಣ್ ಎನ್ನುತ್ತ ಬಂದವನು ಆ ಕಲ್ಲಿನ ಹತ್ತಿರ ನಿಂತ. ಬಡಿದ. ತಲೆ ಓರೆ ಮಾಡಿ ಮತ್ತೆ ಬಡಿದ. ಅವನ ಕಿವಿ ಮೋಸ ಹೋಗಿರಲಿಲ್ಲ. ಇದನ್ನು ಗಮನವಿಟ್ಟು ಓದಿ — ಅವನ ಕಿವಿ ಮೋಸ ಹೋಗಲೇ ಇಲ್ಲ.

"ಶರಣ್ಯಾ, ಇದು ಒಡಕಿನ ದನಿ ಅಲ್ಲೋ. ಕೆಳಗ ಏನರ ಇಟ್ಟೀಯೇನು?"

"ಏನಿಲ್ಲೋ ಮಾರಾಯ. ಎಲ್ಲಾಕ್ಕೂ ಎರಡೆರಡು ಕಟಗಿ ತುಂಡು ಅವ, ಅಷ್ಟೇ."

ಅವನು ಸುತ್ತಿಗೆ ಇಳಿಸಿದ.

"ನೀ ಅಂತಿ ಅಂದ ಮ್ಯಾಲ ಮುಗೀತು. ಇದೇ ಒಡಕು."

ಕಣ್ಣು ಬಿಚ್ಚಬೇಡ ಎಂದು ಹೇಳಿ ರೆಕಾರ್ಡಿಂಗ್ ನಿಲ್ಲಿಸಿದೆ. ಚೀಲ ಎಳೆದು ಕಲ್ಲಿನ ರಾಶಿಯ ಹಿಂದೆ ಎಸೆದೆ. ಮತ್ತೆ ಶುರು ಮಾಡಿ, ಈಗ ಕಣ್ಣು ಬಿಚ್ಚು, ಎತ್ತಿ ನಿಲ್ಲಿಸಿ ಬಡಿ ಎಂದೆ. ಬಡಿದ. ಆ ಸಾಲಿನಲ್ಲಿ ಅಷ್ಟು ಚೆಂದ ಇನ್ಯಾವ ಕಲ್ಲೂ ಕೂಗಿರಲಿಲ್ಲ. ಅವನು ಮತ್ತೊಮ್ಮೆ ಬಡಿದ. ಕಲ್ಲಿನ ಮೇಲೆ ಅಂಗೈ ಇಟ್ಟು ದನಿ ನಿಲ್ಲಿಸಿದ. ಕ್ಯಾಮೆರಾ ಕಡೆ ನೋಡಿ, ವಯಸ್ಸಾಯಿತು ಬಿಡ್ರಿ ಎಂದು ನಕ್ಕ.

ಆ ನಗುವೇ ವಿಡಿಯೊದ ಕೊನೆ. ನಾನು ಮಾಡಿದ ಇನ್ಯಾವುದೂ ಅಷ್ಟು ಓಡಿಲ್ಲ. ಚಿತ್ತಾಪುರದ ಬಸ್ಸಿನಲ್ಲಿ, ಸೇಡಂನ ಹೋಟೆಲಿನಲ್ಲಿ, ಎಲ್ಲಿ ನೋಡಿದರೂ ಅದೇ ಠಣ್, ಅದೇ ನಗು. ಎರಡನೆಯ ವಿಡಿಯೊವನ್ನು ನಾಳೆ ಹಾಕೋಣ, ನಾಡಿದ್ದು ಹಾಕೋಣ ಎಂದುಕೊಂಡೆ. ಆಮೇಲೆ ಹೊಳೆಯಿತು — ಚೀಲ ತೋರಿಸಿದರೆ ಮೋಸ ಬಯಲು ಮಾಡುವ ಕಾಕಾನೇ ಮೋಸಗಾರ ಎಂದಾಗುತ್ತದೆ. ಸೀಟು ಬಿಟ್ಟುಕೊಡುವವರು ಕುಳಿತೇ ಇರುತ್ತಾರೆ. ಹಾಕಲಿಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿದೆ, ಸಿಗಲಿಲ್ಲ.

ಕೆಲಸಕ್ಕಿಟ್ಟುಕೊಂಡ ಮಾಲೀಕ ಅವನಿಗೆ ಏನೂ ಅನ್ನಲಿಲ್ಲ. ಅವನೂ ವಿಡಿಯೊ ನೋಡಿ ನಕ್ಕವನೇ. ಮಶಾಕಸಾಬನೇ ತಾನಾಗಿ ಸುತ್ತಿಗೆ ಬಿಟ್ಟ. ನಾನು ಹೋಗಿ ಹುಡುಗಾಟ ಬಿಡು, ಕೆಲಸಕ್ಕೆ ಹೋಗು ಎಂದಾಗ, ಸಿಟ್ಟಿಲ್ಲದೆ ಹೇಳಿದ:

"ಜೀನಾದ ಮೆಟ್ಲಕ್ಕ ಹಾಕೋ ಕಲ್ಲು ಇರ್ತಾವ ಶರಣ್ಯಾ. ಮಕ್ಳು ಹತ್ತತಾವ, ಇಳೀತಾವ. ನಾ ಛಲೋ ಅದ ಅಂದಿದ್ದು ಒಡೀತು ಅಂದ್ರ?"

ಅವತ್ತೇ ಹೇಳಬಹುದಿತ್ತು. ಚೀಲ ಇಟ್ಟಿದ್ದೆ, ನಿನ್ನ ಕಿವಿ ಸರಿ ಇದೆ — ಎರಡೇ ಮಾತು. ಬಾಯಿಯ ತನಕ ಬಂದಿದ್ದವು. ಚಹಾದ ಜೊತೆ ನುಂಗಿದೆ.

ಕಲ್ಲಿನಿಂದ ಶುರುವಾದದ್ದು ಮನುಷ್ಯರ ಮಾತಿಗೂ ಹಬ್ಬಿತು. ಏನು ಹೇಳಿದರೂ, ಏನಂದಿ ಎಂದು ಮತ್ತೊಮ್ಮೆ ಕೇಳುವುದು. ಎರಡೆರಡು ಸಲ ಹೇಳಿ ಬೇಸತ್ತ ಮನೆಯವರು ಮೊದಲ ಸಲವೇ ಕೂಗಲು ಶುರು ಮಾಡಿದರು. ಮಗ ಕಲಬುರಗಿಗೆ ಕರೆದುಕೊಂಡು ಹೋಗಿ ಕಿವಿ ತೋರಿಸಿದ. ಮಷಿನ್ ಹಚ್ಚಿ ನೋಡಿದ ಡಾಕ್ಟರು ಏನೂ ತೊಂದರೆ ಇಲ್ಲ ಎಂದರಂತೆ. ಆ ಮಷಿನ್ ಎಂದಾದರೂ ಕಲ್ಲು ಬಡಿದು ನೋಡಿದೆಯೇ ಎಂದು ಕೇಳಿ ಮಶಾಕಸಾಬ ಎದ್ದು ಬಂದನಂತೆ.

ಇನ್ನು ಎರಡನೆಯ ಸುಳ್ಳು. ಮೊದಲನೆಯದು ಆಟಕ್ಕೆ ಹೇಳಿದ್ದು. ಇದು ಆಟವಲ್ಲ.

ಒಂದು ಸಂಜೆ ಅವನ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ಒಳಗೆ ಅವನ ಸೊಸೆ ಗಂಡನಿಗೆ ಮೆಲ್ಲಗೆ ಹೇಳುತ್ತಿದ್ದಳು — ಅಬ್ಬಾ ಮಲಗುವ ಖಾಟನ್ನು ಹಿಂದಿನ ಖೋಲಿಗೆ ಹಾಕೋಣ, ದಿನವೆಲ್ಲ ಕೂಗಿ ಕೂಗಿ ಗಂಟಲು ಹೋಗಿದೆ, ಬಂದವರೆದುರು ನಾಚಿಕೆಯಾಗುತ್ತದೆ. ಕೆಟ್ಟ ಹುಡುಗಿಯಲ್ಲ, ನಿಜಕ್ಕೂ ದಣಿದಿದ್ದಳು. ಅದು ಗೋಡೆಯಾಚೆಯ ಪಿಸುಮಾತು. ನನಗೇ ಅರೆಬರೆ ಕೇಳಿತು. ಮಶಾಕಸಾಬನ ಕೈಯಲ್ಲಿದ್ದ ಚಹಾದ ಬಸಿ ತುಟಿಯ ಹತ್ತಿರ ನಿಂತಿತು. ಪೂರ್ತಿ ಕೇಳಿಸಿಕೊಂಡಿದ್ದ. ಬಸಿ ಕೆಳಗಿಟ್ಟು ನನ್ನ ಕಡೆ ಬಾಗಿದ.

"ಒಳಗ ಅಕಿ ಏನರ ಅಂದಳೇನೋ? ಇಲ್ಲಾ ನನಗೇ ಹಂಗ ಅನಿಸ್ತೋ?"

ಆ ಪ್ರಶ್ನೆ ಕೇಳಲು ಅವನಿಗೆ ಈ ಊರಿನಲ್ಲಿ ನಾನೊಬ್ಬನೇ ಇದ್ದೆ. ಹೌದು, ಅಂದಳು, ನಿನಗೆ ಸರಿಯಾಗಿಯೇ ಕೇಳಿದೆ ಎಂದಿದ್ದರೆ ಅವನ ಮನಸ್ಸು ನೋಯುತ್ತಿತ್ತು, ಕಿವಿ ಉಳಿಯುತ್ತಿತ್ತು.

"ಯಾರೂ ಏನೂ ಅಂದಿಲ್ಲ," ಎಂದೆ.

ಅವನು ತಲೆಯಾಡಿಸಿದ. "ಹ್ಞೂಂ. ಈಗೀಗ ಇಲ್ಲದ್ದೂ ಕೇಳಸಾಕತ್ತದ."

ಕೆಲವು ದಿನ ಕಳೆದು ಖಾಟು ಹಿಂದಿನ ಖೋಲಿಗೆ ಹೋಯಿತು. ಆ ಸಂಜೆಯ ಬಗ್ಗೆ ಅವನು ನನ್ನನ್ನು ಏನೂ ಕೇಳಲಿಲ್ಲ.

ಮೊನ್ನೆ ಆ ಖೋಲಿಗೆ ಹೋಗಿ ಎಲ್ಲ ಹೇಳಿದೆ. ಕೂಗದೆ, ಮೊದಲು ಮಾತಾಡುತ್ತಿದ್ದ ದನಿಯಲ್ಲೇ ಹೇಳಿದೆ — ಚೀಲ, ಕಟ್ಟಿಗೆ ತುಂಡು, ಸೊಸೆಯ ಮಾತು, ಒಂದನ್ನೂ ಬಿಡದೆ. ಅವನು ಕಿಟಕಿ ಕಡೆ ನೋಡುತ್ತ ಕುಳಿತಿದ್ದ. ಮುಗಿದ ಮೇಲೆ ತಿರುಗಿ, ಜೋರಾಗಿ ಹೇಳು, ಏನೂ ಕೇಳಿಸಲಿಲ್ಲ ಎಂದ. ಕೇಳಿಸಲಿಲ್ಲವೋ, ಕೇಳಿಸಿಯೂ ಹಾಗೆಂದನೋ — ತಿಳಿಯದೆ ಎದ್ದು ಬಂದೆ.

ಇಷ್ಟರಲ್ಲಿ ಒಂದನ್ನು ನಾನು ಕಟ್ಟಿ ಹೇಳಿದ್ದೇನೆ. ಗೋಣಿಚೀಲ ಎಂದುಕೊಂಡಿರಾ? ಅದು ಖರೆ. ಜೋಳದ ಚೀಲದ ಮೊಬೈಲೂ ಖರೆ, ಬೀಗರನ್ನು ಕೇಳಿ. ವಿಡಿಯೊ ಇನ್ನೂ ಹಾಗೇ ಇದೆ, ನೋಡಿ. ಸುಳ್ಳು ಇದೊಂದೇ — ಮೊನ್ನೆ ಎಲ್ಲ ಹೇಳಿದೆ ಎಂದೆನಲ್ಲ, ಅದು. ಹೋಗಿದ್ದು ನಿಜ. ಖಾಟಿನ ಅಂಚಿಗೆ, ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತದ್ದು ನಿಜ. ಏನು ಬಂದಿ ಎಂದು ಅವನು ಕೇಳಿದ. ನಾನು ಅವನ ಕಿವಿಯ ಹತ್ತಿರ ಬಾಗಿ, ಮನೆಯವರೆಲ್ಲ ಮಾಡುವ ಹಾಗೆಯೇ, ಕೂಗಿ ಹೇಳಿದೆ:

"ಸುಮ್ನ ಬಂದೀನೋ."