ಅಕ್ಕನ ಮಗಳ ಮದುವೆಗೆ ಬಂದ ಶಹಾಪುರದ ಡಿಜೆ

ಅಕ್ಕನ ಮಗಳ ರಿಸೆಪ್ಷನ್ನಿಗೆ ಡಿಜೆ ಯಾರು ಎಂದು ಕೇಳುವ ಪ್ರಶ್ನೆಯೇ ಇಲ್ಲ ಎಂದುಕೊಂಡಿದ್ದೆ. ಸುರಪುರ, ದೇವಾಪುರದಿಂದ ಹಿಡಿದು ಆ ಕಡೆ ಬಳಿಚಕ್ರದ ತನಕ ಮಂದಿಯ ಮದುವೆಗೆಲ್ಲ ಡಿಜೆ ಬಾಕ್ಸು ಹಚ್ಚಿದವನು ನಾನು. ಮೇಲಾಗಿ ಹುಡುಗಿಗೆ ಸ್ವಂತ ಸೋದರಮಾವ. ಆದರೆ ಯಾದಗಿರಿಯಿಂದ ಅಕ್ಕ ಫೋನು ಮಾಡಿ, ಶಹಾಪುರದವನಿಗೆ ಹೇಳಿದ್ದೇವೆ ಎಂದಳು.

"ನೀ ಸೋದರಮಾವ ಅದಿ. ಹುಡುಗಿ ಕೈ ಹಿಡ್ಕೊಂಡು ಸ್ಟೇಜಿಗಿ ಕರ್ಕೊಂಡು ಬರಾವ ನೀನ. ಬಾಕ್ಸಿನ ಮುಂದ ಕುಂತಿ ಅಂದ್ರ ಅದನ್ನ ಯಾರು ಮಾಡಬೇಕು?"

ಮಾತು ಸರಿಯೇ. ಆದರೂ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಬೇರೆ ಯಾರನ್ನು ಕರೆಸಿದ್ದರೂ ತಡೆದುಕೊಳ್ಳುತ್ತಿದ್ದೆ, ಈ ಶಹಾಪುರದವನು ಮಾತ್ರ ಬೇಡವಾಗಿತ್ತು. ನನ್ನ ಗಿರಾಕಿಗಳೇ ನನ್ನೆದುರು ಅವನ ನಡತೆಯನ್ನು ಹೊಗಳುತ್ತಿದ್ದರು. ಕುಡಿಯುವುದಿಲ್ಲವಂತೆ. ಹೆಣ್ಣುಮಕ್ಕಳು ಕುಣಿಯುವಾಗ ಮೈಕಿನಲ್ಲಿ ತುಟಿ ಬಿಚ್ಚುವುದಿಲ್ಲವಂತೆ. ಆಜಾನ್ ಕೇಳಿದರೆ ಯಾರೂ ಹೇಳದೆಯೇ ಸೌಂಡು ಇಳಿಸುತ್ತಾನಂತೆ. ಡಿಜೆ ಹಚ್ಚುವವನಿಗೆ ಇಷ್ಟೆಲ್ಲ ಮರ್ಯಾದೆ ಯಾಕೆ ಬೇಕು ಎಂದು ನಗುತ್ತಿದ್ದೆ. ಒಳಗೆ ಸುಡುತ್ತಿತ್ತು.

ರಿಸೆಪ್ಷನ್ನಿನ ಸಂಜೆ ಮದುವೆ ಹಾಲಿಗೆ ಎಲ್ಲರಿಗಿಂತ ಮೊದಲು ಹೋದೆ. ತಪ್ಪು ಹುಡುಕಲಿಕ್ಕೇ ಹೋಗಿದ್ದೆ. ವೈರುಗಳು ಯಾರ ಕಾಲಿಗೂ ಸಿಗದಂತೆ ಗೋಡೆಗುಂಟ ಟೇಪು ಹಚ್ಚಿಸಿಕೊಂಡು ಮಲಗಿದ್ದವು. ಹಿರಿಯರು ಕೂರುವ ಕುರ್ಚಿಗಳತ್ತ ಒಂದು ಬಾಕ್ಸಿನ ಮೋರೆಯೂ ಇರಲಿಲ್ಲ. ನನ್ನನ್ನು ಕಂಡು ಅವನು ಎದ್ದು ನಿಂತ.

"ನಿಮ್ಮ ಮನಿ ಮದ್ವಿ ಅಣ್ಣಾ. ನೀವು ಇರಬೇಕಾದ ಜಾಗಕ್ಕ ನಾ ಬಂದೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ನಮ್ಮ ಬಳಗದಲ್ಲಿ ತನ್ನ ವಿಸಿಟಿಂಗ್ ಕಾರ್ಡು ಹಂಚಲು ಬಂದಿರಬೇಕು ಎಂದು ಅವನ ಮೇಜಿನತ್ತ ಕಣ್ಣು ಹಾಯಿಸಿದೆ. ಒಂದೂ ಇರಲಿಲ್ಲ. ಬೈಯಲಿಕ್ಕಾದರೂ ಏನಾದರೊಂದು ಇಟ್ಟಿರಬಾರದೇ ಈ ಮನುಷ್ಯ.

ಹುಡುಗಿಯ ಕೈ ಹಿಡಿದು ಬಾಗಿಲಿನಿಂದ ಹೊರಟೆ. ಹಾಡು ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು. ಅರ್ಧ ಹಾದಿಗೆ ಬಂದಿದ್ದೆವು, ಸೌಂಡು ಪೂರ್ತಿ ನಿಂತುಹೋಯಿತು.

ನನಗಾದ ಖುಷಿಯನ್ನು ಹೇಗೆ ಹೇಳಲಿ. ವೈರು ಹೋಗಿದೆ, ಇಡೀ ಬಳಗದ ಮುಂದೆ ಅವನ ಮಾನ ಹೋಯಿತು, ಈಗ ಉಳಿಸುವವನು ನಾನೇ. ಜನರನ್ನು ಸರಿಸಿಕೊಂಡು ಓಡಿದೆ. ಮೇಜಿನ ಕೆಳಗೆ ಬಗ್ಗಿ ಪ್ಲಗ್ಗಿಗೆ ಕೈ ಹಾಕುವಷ್ಟರಲ್ಲಿ ಅವನು ಮೆಲ್ಲಗೆ ನನ್ನ ಭುಜ ಹಿಡಿದ.

"ವೈರ್ ಬರೊಬ್ಬರಿ ಅದ ಅಣ್ಣಾ. ನಾನ ನಿಲ್ಲಿಸೀನಿ. ಅಮ್ಮಾರು ಸೋಬಾನ ಹಾಡಾಕತ್ಯಾರ."

ಆಗ ಕಿವಿಗೆ ಬಿತ್ತು. ಸ್ಟೇಜಿನ ಪಕ್ಕ, ನಾಲ್ಕು ಮುದುಕಿಯರ ನಡುವೆ ನಿಂತು ಹಾಡುತ್ತಿದ್ದವಳು ನನ್ನ ಅವ್ವ. ತೆಳ್ಳನೆಯ ದನಿ, ಎಲ್ಲಿಯೂ ತಡವರಿಸಲಿಲ್ಲ. ಹಾಲಿನ ಮಂದಿ ಮಾತು ಬಿಟ್ಟು ಕೇಳುತ್ತಿದ್ದರು.

"ಹೋಗ್ರಿ ಅಣ್ಣಾ," ಅವನು ಪಿಸುಗುಟ್ಟಿದ. "ಹುಡುಗಿ ಕಾಯಾಕತ್ಯಾಳ."

ತಿರುಗಿ ನೋಡಿದೆ. ಹುಡುಗಿ ನಡುಹಾದಿಯಲ್ಲಿ ಒಬ್ಬಳೇ ನಿಂತಿದ್ದಳು. ನಾನು ಬಿಟ್ಟ ಕೈ ಇನ್ನೂ ಹಾಗೇ ಮುಂದಕ್ಕಿತ್ತು. ಎಲ್ಲರ ಕಣ್ಣಮುಂದೆ ಅಷ್ಟು ದೂರ ವಾಪಸು ನಡೆದು ಆ ಕೈ ಹಿಡಿದೆ. ಅವಳು ನನ್ನ ಬೆರಳು ಗಟ್ಟಿಯಾಗಿ ಹಿಡಿದಳು. ಅವ್ವನ ಕೊನೆಯ ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ, ಅದೇ ಶ್ರುತಿಯಲ್ಲಿ ಬಾಕ್ಸಿನಿಂದ ಶಹನಾಯಿ ಮೆಲ್ಲಗೆ ಎದ್ದಿತು. ಹಾಗೆ ಎತ್ತುವುದು ಎಷ್ಟು ಕಷ್ಟ ಎಂದು ಆ ಹಾಲಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಅದಕ್ಕೇ ಹೊಟ್ಟೆ ಇನ್ನೂ ಉರಿಯಿತು.

ಊಟಕ್ಕೆ ಕುಳಿತಾಗ ಅವ್ವ ಹೋಳಿಗೆ ಬಡಿಸಲು ಬಂದಳು.

"ನೀ ಹಿಂಗ ಹಾಡ್ತಿ ಅಂತ ನನಗ ಒಮ್ಮಿನೂ ಹೇಳಿಲ್ಲಲ್ಲವ್ವಾ?"

"ನೀ ಯಾವಾಗ ಕೇಳಿದಿ? ಅವ ಮನಿಗಿ ಬಂದು, ಸೋಬಾನ ಹಾಡ್ತೀರೇನ್ರಿ ಅಂತ ಕೇಳ್ದ, ಅವಗ ಹೇಳೀನಿ."

ಹೇಳುತ್ತಲೇ ಅವನ ಮೇಜಿನತ್ತ ನೋಡಿದಳು.

"ಮಂದಿ ಉಣ್ಣಾತನಕ ತಾ ಉಣ್ಣಂಗಿಲ್ಲಂತ. ಪಾಪ, ಹಸದಿರ್ತಾನ," ಎಂದು ತುಪ್ಪದ ಗಿಂಡಿ ಹಿಡಿದುಕೊಂಡು ಅತ್ತ ಹೋದಳು. ನನ್ನ ಹೋಳಿಗೆಗೆ ಇನ್ನೂ ತುಪ್ಪ ಹಾಕಿರಲಿಲ್ಲ.